ಹದಿನೆಂಟನೇ ಕಲಂ

ಬಾಂಗ್ಲಾದೇಶದಲ್ಲಿ ಮುಸ್ಲಿಂ ಮದುವೆ ನೋಂದಣಿಯಾಗುವಾಗ ಸರ್ಕಾರದ ಪರವಾನಗಿ ಇರುವ ಖಾಜಿಯೊಬ್ಬರು ದಪ್ಪ ರಿಜಿಸ್ಟರ್ ಬಿಚ್ಚಿ ಅಚ್ಚಾದ ನಮೂನೆಯೊಂದನ್ನು ತುಂಬುತ್ತಾರೆ. ಕಾಗದದ ಮೇಲೆ ಅದರ ಹೆಸರು ನಿಕಾಹ್‌ನಾಮಾ. ಜನ ಕರೆಯುವುದು ಕಾಬಿನ್‌ನಾಮಾ, ಅಥವಾ ಬರೀ ಕಾಬಿನ್. ಇಪ್ಪತ್ತಕ್ಕೂ ಹೆಚ್ಚು ಕಲಂಗಳಿರುವ ಈ ನಮೂನೆಯಲ್ಲಿ ಎರಡೂ ಕಡೆಯ ಹಿರಿಯರು ಕೂತು ಚೌಕಾಸಿ ಮಾಡುವುದು ಸಾಮಾನ್ಯವಾಗಿ 13ನೆಯದರ ಮೇಲೆ: ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್ ಹಣ ಎಷ್ಟು? ಅದು ಇತ್ಯರ್ಥವಾದರೆ ಉಳಿದದ್ದನ್ನೆಲ್ಲ ಖಾಜಿಗೆ ಬಿಟ್ಟು ಊಟಕ್ಕೆ ಏಳುತ್ತಾರೆ. ಆ ಉಳಿದದ್ದರಲ್ಲಿ 18ನೇ ಕಲಂ ಇದೆ. ಅದು ಕೇಳುವುದು ಇಷ್ಟು: ಗಂಡ ಹೆಂಡತಿಗೆ ತಲಾಖ್ ಅಧಿಕಾರವನ್ನು ಒಪ್ಪಿಸಿದ್ದಾನೆಯೇ? ಒಪ್ಪಿಸಿದ್ದರೆ ಯಾವ ಷರತ್ತುಗಳ ಮೇಲೆ?

ಮದುವೆಯ ದಿನ ಯಾರೂ ಕಣ್ಣು ಹಾಯಿಸದ ಈ ಸಾಲು, ಐದಾರು ವರ್ಷ ಹೊಡೆತ ತಿಂದು ಇನ್ನು ಸಾಕು ಅನ್ನುವ ಹೆಣ್ಣಿಗೆ ಬಾಗಿಲಾಗಬಹುದು, ಗೋಡೆಯೂ ಆಗಬಹುದು. ಜಾಗತೀಕರಣ ಮುಸ್ಲಿಂ ಕುಟುಂಬಗಳನ್ನು ಹೇಗೆ ಬದಲಿಸಿತು ಎನ್ನುವ ಚರ್ಚೆಯಲ್ಲಿ ಕಾರ್ಖಾನೆ, ಸಂಬಳ, ಮೊಬೈಲು, ಗಲ್ಫ್ ಎಲ್ಲವೂ ಬರುತ್ತವೆ. ಈ ಕಾಗದ ಬರುವುದು ಅಪರೂಪ. ಬಾಂಗ್ಲಾದೇಶದ ಮಟ್ಟಿಗಂತೂ ಕಥೆಯ ಅರ್ಧ ಭಾಗ ಈ ಕಾಗದದಲ್ಲೇ ಇದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಮೊದಲು ಸಂಬಳದ ಕಥೆ. 1970ರ ದಶಕದ ಕೊನೆಯಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ದಕ್ಷಿಣ ಕೊರಿಯಾದ ದೇವೂ ಜೊತೆ ಒಪ್ಪಂದ ಮಾಡಿಕೊಂಡು ಸುಮಾರು 130 ಜನರನ್ನು ಹೊಲಿಗೆ, ಕತ್ತರಿಕೆ, ಮೇಲುಸ್ತುವಾರಿ ಕಲಿಯಲು ಕೊರಿಯಾಕ್ಕೆ ಕಳಿಸಿತು. ಶ್ರೀಮಂತ ದೇಶಗಳು ಒಂದೊಂದು ದೇಶದಿಂದ ಇಷ್ಟೇ ಬಟ್ಟೆ ಎಂದು ಮಿತಿ ಹಾಕಿದ್ದ ಕಾಲ ಅದು. ಕೊರಿಯಾದ ಪಾಲು ಮುಗಿದಿತ್ತು, ಬಾಂಗ್ಲಾದೇಶದ ಪಾಲು ಖಾಲಿ ಇತ್ತು. ಹೀಗೆ ಬೇರೆಯವರ ಲೆಕ್ಕಾಚಾರದಿಂದ ಶುರುವಾದ ಉದ್ಯಮ ಇವತ್ತು ಸುಮಾರು 40 ಲಕ್ಷ ಜನರಿಗೆ ಕೆಲಸ ಕೊಟ್ಟಿದೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಕನಿಷ್ಠ ವೇತನ 1994ರಲ್ಲಿ ತಿಂಗಳಿಗೆ 930 ಟಾಕಾ ಇದ್ದದ್ದು 2010ರಲ್ಲಿ 3,000, 2013ರಲ್ಲಿ 5,300, 2018ರಲ್ಲಿ 8,000, 2023ರ ಡಿಸೆಂಬರ್‌ನಿಂದ 12,500 ಆಯಿತು. ಒಂದೊಂದು ಏರಿಕೆಯ ಹಿಂದೆಯೂ ಬೀದಿಗಿಳಿದ ಹೆಂಗಸರಿದ್ದಾರೆ. 2013ರ ಏರಿಕೆಯ ಹಿಂದೆ ಆ ವರ್ಷ ಏಪ್ರಿಲ್ 24ರಂದು ಢಾಕಾ ಬಳಿಯ ಸಾವಾರ್‌ನಲ್ಲಿ ಕುಸಿದ, ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾನಾ ಪ್ಲಾಜಾ ಕಟ್ಟಡದ 1,134 ಹೆಣಗಳೂ ಇವೆ.

ಸಂಬಳ ಬಂದ ಮೇಲೆ ಮನೆಯ ಆಕಾರವೇ ಬದಲಾಯಿತು. ಹಳ್ಳಿಯಲ್ಲಿ ಹುಡುಗಿಗೆ ಹದಿನಾಲ್ಕು ಹದಿನೈದಕ್ಕೆ ಮದುವೆ ಮಾಡಿ ಅತ್ತೆ, ಓರಗಿತ್ತಿ, ಮೈದುನರಿರುವ ತುಂಬು ಮನೆಗೆ ಕಳಿಸುವುದು ರೂಢಿ. ಕಾರ್ಖಾನೆಗೆ ಬಂದವಳು ಕೆಲವು ವರ್ಷ ತಡವಾಗಿ ಮದುವೆಯಾದಳು, ಹುಡುಗನನ್ನು ಎಷ್ಟೋ ಸಲ ತಾನೇ ಆರಿಸಿಕೊಂಡಳು. ಸಂಸಾರ ಹೂಡಿದ್ದು ಢಾಕಾ ಸುತ್ತಲಿನ ಕಾರ್ಖಾನೆ ಪ್ರದೇಶಗಳಾದ ಆಶುಲಿಯಾದಲ್ಲೋ ಗಾಜೀಪುರದಲ್ಲೋ ಒಂದು ತಗಡಿನ ಕೋಣೆಯಲ್ಲಿ. ಸಾಲಾಗಿ ಎಂಟು ಹತ್ತು ಕೋಣೆ, ಎಲ್ಲರಿಗೂ ಸೇರಿ ಒಂದು ಅಡುಗೆ ಜಾಗ, ಒಂದು ನಲ್ಲಿ. ಅತ್ತೆಯ ಕಾವಲು ತಪ್ಪಿತು. ಆದರೆ ಅದರ ಜೊತೆಗೇ ತವರಿನ ಕಾವಲೂ ತಪ್ಪಿತು. ಹಳ್ಳಿಯಲ್ಲಿ ಗಂಡ ಕೈಮಾಡಿದರೆ ಸೋದರಮಾವ ಬಂದು ಜಗಲಿಯಲ್ಲಿ ಕೂತು ಕೇಳುತ್ತಿದ್ದ. ಶಾಲಿಶ್ ಎಂಬ ಊರ ಪಂಚಾಯಿತಿ ಸೇರುತ್ತಿತ್ತು. ಅದು ಗಂಡಸರದೇ ಪಂಚಾಯಿತಿ, ಅಲ್ಲಿ ಅನ್ಯಾಯವೂ ಬೇಕಾದಷ್ಟು ನಡೆದಿದೆ. ಆದರೂ ಗಂಡನ ಕಡೆಯವರಿಗೆ ಊರಿನ ನಾಚಿಕೆ ಅನ್ನುವುದೊಂದಿತ್ತು. ಕಾರ್ಮಿಕ ಕಾಲೊನಿಯಲ್ಲಿ ಶಾಲಿಶ್ ಸೇರಿಸುವವನು ಕೋಣೆಯ ಮಾಲೀಕ, ಇಲ್ಲವೇ ಆ ಬೀದಿಯ ರಾಜಕೀಯ ಪುಢಾರಿ. ಅವನಿಗೆ ಇವಳ ಊರೂ ಗೊತ್ತಿಲ್ಲ, ಕುಲವೂ ಗೊತ್ತಿಲ್ಲ.

ದುಡಿಯುವ ಹೆಣ್ಣಿಗೆ ಹೊಡೆತ ಕಡಿಮೆ ಎಂದು ಹೊರಗಿನವರು ಸುಲಭವಾಗಿ ನಂಬುತ್ತಾರೆ. ಅಷ್ಟು ಸರಳವಿಲ್ಲ. ತಿಂಗಳ ಮೊದಲ ವಾರದಲ್ಲೇ ಜಗಳ ಹೆಚ್ಚುವ ಮನೆಗಳಿವೆ, ಏಕೆಂದರೆ ಸಂಬಳ ಬರುವುದು ಆಗ. ಓವರ್‌ಟೈಮ್ ಮುಗಿಸಿ ರಾತ್ರಿ ಹತ್ತಕ್ಕೆ ಬಂದವಳನ್ನು ‘ಎಲ್ಲಿ ಹೋಗಿದ್ದೆ’ ಎಂದು ಕೇಳುವವನೇ ಓವರ್‌ಟೈಮ್ ದುಡ್ಡು ಕಡಿಮೆಯಾದರೂ ಹೊಡೆಯುತ್ತಾನೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ನೆರವಿನ ಸಾಲ ಪಡೆದ ಕಾರ್ಖಾನೆಗಳು ಸಂಬಳವನ್ನು ಬ್ಯಾಂಕಿಗೋ ಮೊಬೈಲ್ ಖಾತೆಗೋ ಹಾಕಬೇಕು ಎಂದು ಸರ್ಕಾರ ಹೇಳಿತು. ಲಕ್ಷಾಂತರ ಹೆಂಗಸರ ಹೆಸರಲ್ಲಿ ಮೊದಲ ಬಾರಿಗೆ ಖಾತೆ ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಎಡವಿದ್ದು ಎಲ್ಲಿ ಎಂದು ನೋಡಿ: ಸಿಮ್ ಗಂಡನ ಹೆಸರಲ್ಲಿದ್ದರೆ, ಪಿನ್ ಅವನಿಗೆ ಗೊತ್ತಿದ್ದರೆ, ದುಡ್ಡು ಬಂದ ಸಂದೇಶವನ್ನು ಮೊದಲು ಓದುವವನು ಅವನೇ. ಮುಂಚೆ ಲಕೋಟೆಯಿಂದ ಐನೂರು ತೆಗೆದು ಬ್ಲೌಸಿನಲ್ಲಿ ಅಡಗಿಸಿಡುವ ಅವಕಾಶವಾದರೂ ಇತ್ತು. ಖಾತೆಯಲ್ಲಿ ಅದೂ ಇಲ್ಲ. ಹಾಗಾಗಿ ಇಂಥ ಮನೆಗಳ ಹೆಂಗಸರು ಮೊದಲು ಮಾಡಬೇಕಾದ ಕೆಲಸ, ಸ್ವಂತ ಗುರುತಿನ ಚೀಟಿಯಲ್ಲಿ ಸ್ವಂತ ಸಿಮ್ ಪಡೆದು ಸಂಬಳದ ಖಾತೆಯನ್ನು ಆ ನಂಬರಿಗೆ ಬದಲಿಸಿಕೊಳ್ಳುವುದು.

ಬಾಂಗ್ಲಾದೇಶದ ಅಂಕಿಅಂಶ ಸಂಸ್ಥೆ 2015ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 72.6ರಷ್ಟು ಜನ ಗಂಡನಿಂದ ಒಂದಲ್ಲ ಒಂದು ಬಗೆಯ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕಿಂತ ನನ್ನನ್ನು ಹೆಚ್ಚು ಕಲಕುವ ಸಂಖ್ಯೆಗಳು ಅದೇ ಸಮೀಕ್ಷೆಯಲ್ಲಿ ಇನ್ನೆರಡಿವೆ. ಹಿಂಸೆಯಾದವರಲ್ಲಿ ಶೇ 72.7 ಜನ ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಕಾನೂನಿನ ಮೊರೆ ಹೋದವರು ಶೇ 2.6 ಮಾತ್ರ.

ಕಾನೂನು ಇಲ್ಲದೆ ಹೀಗಾಗಿದ್ದಲ್ಲ. 2000ದಲ್ಲಿ ಮಹಿಳೆ ಮತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂತು, 2010ರಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆ ಬಂತು. ಮೊದಲನೆಯದರಲ್ಲಿ ಶಿಕ್ಷೆ ಕಠಿಣ, ಆದರೆ ಗಂಡನ ಹೊಡೆತ ಅದರ ವ್ಯಾಪ್ತಿಗೆ ಬರಬೇಕಾದರೆ 11ನೇ ಸೆಕ್ಷನ್ ಪ್ರಕಾರ ಅದು ವರದಕ್ಷಿಣೆಗಾಗಿ ಹೊಡೆದದ್ದಾಗಿರಬೇಕು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದೋ ಅನುಮಾನದಿಂದಲೋ ಹೊಡೆದರೆ ಆ ಸೆಕ್ಷನ್ ತಾಗದು. ಹಾಗಾಗಿ ದೂರು ಬರೆಯುವವರು ಎಲ್ಲ ಹೊಡೆತವನ್ನೂ ವರದಕ್ಷಿಣೆಯ ಹೊಡೆತವೆಂದೇ ಬರೆಯುತ್ತಾರೆ. ವಿಚಾರಣೆಯಲ್ಲಿ ಹೆಂಗಸು ನಿಜ ಹೇಳಿದ ಕೂಡಲೇ ವರದಕ್ಷಿಣೆಯ ಮಾತು ನಿಲ್ಲುವುದಿಲ್ಲ, ಪ್ರಕರಣ ಬೀಳುತ್ತದೆ. ಆಮೇಲೆ ‘ಹೆಂಗಸರು ಸುಳ್ಳು ಕೇಸು ಹಾಕುತ್ತಾರೆ’ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಹೊಡೆತ ಮಾತ್ರ ನಿಜವೇ ಆಗಿತ್ತು. 2010ರ ಕಾಯ್ದೆಯಲ್ಲಿ ರಕ್ಷಣೆಯ ಆದೇಶ, ವಾಸದ ಆದೇಶ ಎಲ್ಲ ಇವೆ. ಬಳಸುವವರು ಕಡಿಮೆ.

ಆ್ಯಸಿಡ್ ದಾಳಿಯ ವಿಷಯದಲ್ಲಿ ಹೀಗಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ನಾರೀಪೊಕ್ಖೊದಂಥ ಮಹಿಳಾ ಸಂಘಟನೆಗಳು ಸಂತ್ರಸ್ತ ಹುಡುಗಿಯರನ್ನು ಒಟ್ಟುಗೂಡಿಸಿದವು, 1999ರಲ್ಲಿ ಆ್ಯಸಿಡ್ ಸರ್ವೈವರ್ಸ್ ಫೌಂಡೇಶನ್ ಹುಟ್ಟಿತು, 2002ರಲ್ಲಿ ಎರಡು ಕಾನೂನು ಬಂದವು, ಒಂದು ಅಪರಾಧಕ್ಕೆ, ಇನ್ನೊಂದು ಆ್ಯಸಿಡ್ ಮಾರಾಟಕ್ಕೆ. ಆ ವರ್ಷ ಐನೂರರ ಹತ್ತಿರ ಇದ್ದ ದಾಳಿಗಳು ದಶಕ ಕಳೆಯುವುದರಲ್ಲಿ ನೂರಕ್ಕಿಂತ ಕೆಳಗಿಳಿದವು. ಅಲ್ಲಿ ತಡೆಯಬೇಕಾದ ವಸ್ತು ಅಂಗಡಿಯ ಕಪಾಟಿನಲ್ಲಿತ್ತು, ಲೈಸೆನ್ಸು ಬೇಡಬಹುದಿತ್ತು. ಮನೆಯೊಳಗಿನ ಕೈಗೆ ಯಾವ ಲೈಸೆನ್ಸು? ಅಲ್ಲಿ ಉಳಿಯುವ ಉಪಾಯವೆಂದರೆ ಆ ಮನೆಯಿಂದ ಹೊರಬರುವ ದಾರಿ ಗಟ್ಟಿಯಾಗಿರುವುದು. ಮತ್ತೆ ಕಾಬಿನ್‌ಗೆ ಬಂದೆವು.

ಹೆಂಡತಿಗೆ ತಲಾಖ್ ಅಧಿಕಾರ ಒಪ್ಪಿಸುವುದಕ್ಕೆ ತಫ್ವೀಜ್ ಎನ್ನುತ್ತಾರೆ. ಇದು ಪಶ್ಚಿಮದಿಂದ ಬಂದ ವಿಚಾರ ಎಂದು ವಾದಿಸುವವರು ತಮ್ಮದೇ ಶಾಸ್ತ್ರವನ್ನು ಓದಿಲ್ಲ. ಕುರಾನಿನ 33ನೇ ಅಧ್ಯಾಯದಲ್ಲಿ ಪ್ರವಾದಿಯವರ ಪತ್ನಿಯರಿಗೆ ಉಳಿಯುವ ಅಥವಾ ಹೊರಡುವ ಆಯ್ಕೆ ಕೊಡುವ ವಚನಗಳಿಂದ ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಪಂಡಿತರು ಇದನ್ನು ಬಹಳ ಹಿಂದೆಯೇ ಬೆಳೆಸಿದ್ದರು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾ ಹೈಕೋರ್ಟ್ 1882ರಲ್ಲೇ ಇಂಥದ್ದೊಂದು ಒಪ್ಪಂದವನ್ನು ಎತ್ತಿಹಿಡಿದಿತ್ತು. ಆದರೆ ಶಾಸ್ತ್ರದಲ್ಲಿದ್ದದ್ದು ಸರ್ಕಾರಿ ನಮೂನೆಯ ಒಂದು ಸಾಲಾಗಲು ಹೆಂಗಸರ ಸಿಟ್ಟು ಬೇಕಾಯಿತು. 1955ರಲ್ಲಿ ಪಾಕಿಸ್ತಾನದ ಪ್ರಧಾನಿ ಮೊಹಮ್ಮದ್ ಅಲಿ ಬೋಗ್ರಾ, ಮೊದಲ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾದರು. ಅಖಿಲ ಪಾಕಿಸ್ತಾನ ಮಹಿಳಾ ಸಂಘ ಸುಮ್ಮನಿರಲಿಲ್ಲ. ಮದುವೆ ಕಾನೂನುಗಳ ಮೇಲೆ ಆಯೋಗ ಕೂತಿತು, 1956ರಲ್ಲಿ ವರದಿ ಬಂತು, 1961ರಲ್ಲಿ ಮುಸ್ಲಿಂ ಕುಟುಂಬ ಕಾನೂನುಗಳ ಸುಗ್ರೀವಾಜ್ಞೆ ಜಾರಿಯಾಯಿತು. ಆಗ ಬಾಂಗ್ಲಾದೇಶ ಪೂರ್ವ ಪಾಕಿಸ್ತಾನ. 1971ರಲ್ಲಿ ದೇಶ ಬೇರೆಯಾದರೂ ಸುಗ್ರೀವಾಜ್ಞೆ ಎರಡೂ ಕಡೆ ಉಳಿಯಿತು, ನಮೂನೆಯೂ ಉಳಿಯಿತು.

ಈಗ ನಮೂನೆಯನ್ನು ಕಲಂ ಕಲಂ ಆಗಿ ನೋಡೋಣ, ಏಕೆಂದರೆ ತಪ್ಪಾಗುವುದು ತುಂಬುವಾಗಲೇ.

13ರಲ್ಲಿ ಮೆಹರ್ ಮೊತ್ತ. 14ರಲ್ಲಿ ಅದರಲ್ಲಿ ಕೇಳಿದಾಗ ಕೊಡಬೇಕಾದದ್ದೆಷ್ಟು, ತಲಾಖ್ ಅಥವಾ ಸಾವಿನ ನಂತರ ಕೊಡಬೇಕಾದದ್ದೆಷ್ಟು. 15ರಲ್ಲಿ ಮದುವೆಯ ಹೊತ್ತಿಗೆ ಎಷ್ಟು ಸಂದಾಯವಾಗಿದೆ. ಈ 15 ಅಪಾಯದ ಜಾಗ. ಬಂಗಾಳಿಯಲ್ಲಿ ‘ಉಶೂಲ್’ ಎನ್ನುತ್ತಾರೆ, ನಮ್ಮ ವಸೂಲಿಯ ಮೂಲವೂ ಅದೇ ಶಬ್ದ. ಐದು ಲಕ್ಷ ಮೆಹರ್ ಎಂದು ಸಭೆಗೆಲ್ಲ ಕೇಳುವಂತೆ ಸಾರಿ, ಮದುಮಗಳ ಮೈಮೇಲಿನ ಒಡವೆ, ಸೀರೆ ಎಲ್ಲ ಲೆಕ್ಕ ಹಿಡಿದು ಎರಡು ಲಕ್ಷವೋ ಮೂರು ಲಕ್ಷವೋ ಉಶೂಲ್ ಎಂದು ಬರೆಸುತ್ತಾರೆ. ಆ ಒಡವೆ ಆರು ತಿಂಗಳಲ್ಲಿ ಅತ್ತೆಯ ಪೆಟ್ಟಿಗೆ ಸೇರಿರುತ್ತದೆ. ಕಾಗದದಲ್ಲಿ ಮಾತ್ರ ಮೆಹರ್ ಸಂದಾಯವಾಗಿದೆ. ಒಡವೆ ಉಡುಗೊರೆಯಾದರೆ ಅದನ್ನು ಉಶೂಲ್‌ನಲ್ಲಿ ಬರೆಯಲು ಬಿಡಬಾರದು. ಬರೆಯಲೇಬೇಕೆಂದು ಹಟ ಹಿಡಿದರೆ ಯಾವ ಒಡವೆ, ಎಷ್ಟು ತೂಕ, ಯಾರ ಕೈಗೆ ಎಂದು ಬಿಡಿಸಿ ಬರೆಸಬೇಕು.

17 ವಿಶೇಷ ಷರತ್ತುಗಳಿಗೆ. ಮದುವೆಯ ನಂತರವೂ ಕೆಲಸಕ್ಕೆ ಹೋಗುವುದು, ಸಂಬಳ ತನ್ನಲ್ಲೇ ಇರುವುದು, ಪ್ರತ್ಯೇಕ ಕೋಣೆ, ಇವನ್ನೆಲ್ಲ ಇಲ್ಲಿ ಬರೆಸಬಹುದು. ಹೆಚ್ಚಿನ ಕಾಬಿನ್‌ಗಳಲ್ಲಿ ಇಲ್ಲಿ ಒಂದು ಅಡ್ಡಗೆರೆ ಇರುತ್ತದೆ.

18ರಲ್ಲಿ ‘ಹೌದು’ ಎಂದು ಬರೆಯುವ ರೂಢಿ ಬಾಂಗ್ಲಾದೇಶದ ಹಲವು ಖಾಜಿಗಳಲ್ಲಿ ಈಗ ಬೆಳೆದಿದೆ. ಅದರ ಹಿಂದೆ ಕಾನೂನು ನೆರವಿನ ಸಂಸ್ಥೆಗಳ ಎಷ್ಟೋ ವರ್ಷಗಳ ಬೆವರಿದೆ. ಆದರೆ ‘ಹೌದು’ ನಂತರ ಬರುವ ಷರತ್ತು ನೋಡಬೇಕು. ‘ನಾಲ್ಕು ವರ್ಷ ಕಾಣೆಯಾದರೆ’, ‘ಎರಡು ವರ್ಷ ಜೀವನಾಂಶ ಕೊಡದಿದ್ದರೆ’ ಎಂದು ಬಿಗಿಯಾಗಿ ಬರೆದರೆ ಒಪ್ಪಿಸಿದ ಅಧಿಕಾರ ಹೆಸರಿಗಷ್ಟೇ, ಏಕೆಂದರೆ ಅಷ್ಟಕ್ಕೆ, ಹೆಂಡತಿ ನ್ಯಾಯಾಲಯದಲ್ಲಿ ಬಿಡುಗಡೆ ಕೇಳಲು ಇರುವ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯೇ ಸಾಕು. ‘ಕ್ರೌರ್ಯ ಸಾಬೀತಾದರೆ’ ಎಂದು ಬರೆದರೆ ಗಂಡ ನ್ಯಾಯಾಲಯಕ್ಕೆ ಹೋಗಿ ಸಾಬೀತು ಎಲ್ಲಿ ಎನ್ನುತ್ತಾನೆ. ಬಂಗಾಳಿಯಲ್ಲಿ ‘ಬೊನಿಬೊನಾ ನಾ ಹೊಲೆ’ ಎಂದು ಬರೆಯುವುದುಂಟು, ಅಂದರೆ ಹೊಂದಾಣಿಕೆ ಆಗದೇ ಹೋದರೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಷರತ್ತು ಅದು. ಹೊಂದಾಣಿಕೆ ಆಗಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ಅವಳೇ. ಷರತ್ತೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

21ರಲ್ಲಿ ಗಂಡಿಗೆ ಈಗಾಗಲೇ ಹೆಂಡತಿ ಇದ್ದಾಳೆಯೇ ಎಂಬ ಪ್ರಶ್ನೆ. ಹಳ್ಳಿಯಲ್ಲಿ ಒಂದು ಸಂಸಾರ, ಕಾರ್ಖಾನೆಯ ಪಕ್ಕ ಇನ್ನೊಂದು ಎಂಬ ಗಂಡಸರು ಇಲ್ಲಿ ‘ಇಲ್ಲ’ ಎಂದು ಬರೆಸುತ್ತಾರೆ. ಬರೆಸಿಕೊಂಡದ್ದು ಮುಂದೆ ಅವನ ಸುಳ್ಳಿಗೆ ಸಾಕ್ಷಿಯಾಗುತ್ತದೆ, ಹಾಗಾಗಿ ಖಾಲಿ ಬಿಡಬಾರದು. ಇದೇ ನಮೂನೆಯ 5ನೇ ಕಲಂ ಹಲವು ದಶಕ ಮದುಮಗಳು ‘ಕುಮಾರಿ’ಯೇ ಎಂದು ಕೇಳುತ್ತಿತ್ತು. ಬಂಗಾಳಿಯಲ್ಲಿ ಅದಕ್ಕೆ ಕನ್ಯೆ ಎಂಬ ಅರ್ಥವೂ ಇದೆ. ಗಂಡಿಗೆ ಅಂಥ ಪ್ರಶ್ನೆಯೇ ಇರಲಿಲ್ಲ. ಮಹಿಳಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2019ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಪದ ತೆಗೆದು ‘ಅವಿವಾಹಿತೆ’ ಎಂದು ಹಾಕಲು, ಗಂಡಿನ ಸ್ಥಿತಿಯನ್ನೂ ಕೇಳಲು ಹೇಳಿತು.

ಇಷ್ಟೆಲ್ಲ ಲಾಭ ಕಾಬಿನ್ ಇದ್ದವರಿಗೆ. ನಗರದಲ್ಲಿ ಓಡಿಹೋಗಿ ಮದುವೆಯಾಗುವ ಹುಡುಗ ಹುಡುಗಿಯರು ನೋಟರಿಯ ಮುಂದೆ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸಿ ಅದನ್ನು ‘ಕೋರ್ಟ್ ಮ್ಯಾರೇಜ್’ ಎಂದು ನಂಬುತ್ತಾರೆ. ಅದು ನೋಂದಣಿಯೇ ಅಲ್ಲ. ಅಲ್ಲಿ ಮೆಹರ್ ಇಲ್ಲ, 18ನೇ ಕಲಂ ಇಲ್ಲ. ಗಂಡ ನಾಳೆ ಮದುವೆಯೇ ಆಗಿಲ್ಲ ಎಂದರೆ ಅವಳಿಗೆ ಹಿಡಿಯಲು ಏನೂ ಇಲ್ಲ. 1974ರ ಮುಸ್ಲಿಂ ಮದುವೆ ಮತ್ತು ತಲಾಖ್ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಬೇರೆ ಯಾರೋ ನಿಕಾಹ್ ಓದಿಸಿದ್ದರೆ 30 ದಿನದೊಳಗೆ ರಿಜಿಸ್ಟ್ರಾರ್‌ಗೆ ತಿಳಿಸುವ ಹೊಣೆ ಗಂಡಿನದು, ತಪ್ಪಿದರೆ ಎರಡು ವರ್ಷದವರೆಗೆ ಜೈಲು ಅಥವಾ 3,000 ಟಾಕಾವರೆಗೆ ದಂಡ. ಖಾಜಿಯ ಬಳಿ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ನಕಲಿ ಖಾಜಿಗಳೂ ಇದ್ದಾರೆ.

ಇನ್ನು ಅಧಿಕಾರ ಬಳಸುವ ಬಗೆ. ಹೆಂಗಸು ಖಾಜಿ ಕಚೇರಿಗೆ ಹೋಗಿ 18ನೇ ಕಲಂ ಆಧಾರದ ಮೇಲೆ ತಲಾಖ್ ಪತ್ರ ಮಾಡಿಸುತ್ತಾಳೆ. ಅದರ ನೋಟಿಸನ್ನು ತಾನು ವಾಸವಿರುವ ಯೂನಿಯನ್ ಪರಿಷತ್ತಿನ (ನಮ್ಮ ಗ್ರಾಮ ಪಂಚಾಯಿತಿಯಂಥದ್ದು) ಅಧ್ಯಕ್ಷರಿಗೆ, ನಗರವಾದರೆ ನಗರಪಾಲಿಕೆಗೆ, ಸ್ವೀಕೃತಿ ಚೀಟಿ ಬರುವ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಒಂದು ಪ್ರತಿ ಗಂಡನಿಗೆ. ಅಧ್ಯಕ್ಷರ ಕೈಗೆ ನೋಟಿಸು ತಲುಪಿದ ದಿನದಿಂದ 90 ದಿನ ಎಣಿಕೆ. ಮೊದಲ 30 ದಿನದೊಳಗೆ ಅವರು ಎರಡೂ ಕಡೆಯವರನ್ನು ಸೇರಿಸಿ ರಾಜಿ ಮಂಡಳಿ ರಚಿಸಬೇಕು. ರಾಜಿಯಾಗದಿದ್ದರೆ 90ನೇ ದಿನ ಕಳೆದ ಮೇಲೆ ತಲಾಖ್ ಊರ್ಜಿತ. ಹೆಂಗಸು ಗರ್ಭಿಣಿಯಾಗಿದ್ದರೆ 90 ದಿನ ಅಥವಾ ಹೆರಿಗೆ, ಯಾವುದು ತಡವೋ ಅಲ್ಲಿಯ ತನಕ ಕಾಯಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಗಂಡನಿಗೆ ಮಾತ್ರ ಕಳಿಸಿ ಅಧ್ಯಕ್ಷರಿಗೆ ಕಳಿಸದಿರುವುದು ಒಂದು. ಆಗ ಎಣಿಕೆಯೇ ಶುರುವಾಗುವುದಿಲ್ಲ, ಆಕೆ ಮರುಮದುವೆಯಾದರೆ ಮೊದಲ ಗಂಡ ಅದನ್ನೇ ಹಿಡಿದು ಕೇಸು ಹಾಕಬಹುದು. ಕೊನೆಯಲ್ಲಿ ತಲಾಖ್ ನೋಂದಣಿಯ ಪ್ರಮಾಣಪತ್ರ ಪಡೆಯದೇ ಬಿಡುವುದು ಇನ್ನೊಂದು.

‘ನಾನೇ ತಲಾಖ್ ಕೊಟ್ಟರೆ ಮೆಹರ್ ಹೋಗುತ್ತದೆ’ ಎಂಬ ಭಯದಿಂದ ವರ್ಷಗಟ್ಟಲೆ ಸಹಿಸುವವರಿದ್ದಾರೆ. ಈ ಭಯವನ್ನು ಗಂಡನ ಕಡೆಯವರು ಬೇಕೆಂದೇ ಬೆಳೆಸುತ್ತಾರೆ. ಮೆಹರ್ ಬಿಟ್ಟುಕೊಟ್ಟು ಬಿಡುಗಡೆ ಪಡೆಯುವುದು ಖುಲಾ. ತಫ್ವೀಜ್‌ನಲ್ಲಿ ಆಕೆ ಗಂಡನದೇ ಅಧಿಕಾರವನ್ನು ಚಲಾಯಿಸುತ್ತಾಳೆ, ಆದ್ದರಿಂದ ಮೆಹರ್ ಪೂರ್ತಿ ಉಳಿಯುತ್ತದೆ, ಇದ್ದತ್ತಿನ, ಅಂದರೆ ಮರುಮದುವೆಗೆ ಮುಂಚೆ ಕಾಯಬೇಕಾದ ಅವಧಿಯ, ಜೀವನಾಂಶವೂ ಉಳಿಯುತ್ತದೆ. 1939ರ ಕಾಯ್ದೆಯಲ್ಲಿ ನ್ಯಾಯಾಲಯ ಮದುವೆ ಮುರಿದರೂ ಮೆಹರ್ ಹಕ್ಕಿಗೆ ಧಕ್ಕೆಯಿಲ್ಲ ಎಂದು 5ನೇ ಸೆಕ್ಷನ್ ಹೇಳುತ್ತದೆ. ಆದರೆ ಅಲ್ಲಿ ವಕೀಲರ ಶುಲ್ಕ, ಸಾಕ್ಷಿ, ಗೈರುಹಾಜರಿಗೆ ಕಡಿತವಾಗುವ ಸಂಬಳ. ಗಡುವಿನ ಮೇಲೂ ಗಮನವಿರಲಿ: ತಲಾಖ್ ಆದ ಮೇಲೆ ಮೆಹರ್ ದಾವೆ ಹೂಡಲು ಮೂರು ವರ್ಷ.

ಪಾಕಿಸ್ತಾನದಲ್ಲಿ ಇದೇ 18ನೇ ಕಲಂ ಮೇಲೆ ನಿಕಾಹ್ ಓದಿಸುವವರು ಯಾರನ್ನೂ ಕೇಳದೆ ಗೆರೆ ಎಳೆದುಬಿಡುವುದು ಎಷ್ಟು ಸಾಮಾನ್ಯವಾಯಿತೆಂದರೆ, ಪಂಜಾಬ್ ಪ್ರಾಂತ್ಯ 2015ರಲ್ಲಿ ಕಾನೂನು ತಿದ್ದಿ, ಎಲ್ಲ ಕಲಂಗಳನ್ನೂ ನಿರ್ದಿಷ್ಟ ಉತ್ತರದೊಂದಿಗೆ ತುಂಬದವರಿಗೆ ಒಂದು ತಿಂಗಳವರೆಗೆ ಜೈಲು, 25,000 ರೂಪಾಯಿ ದಂಡ ಇಟ್ಟಿತು. ಮದುವೆಯ ದಿನ ತಲಾಖಿನ ಮಾತು ಅಪಶಕುನ ಎನ್ನುವುದು ಅವರ ಸಮಜಾಯಿಷಿ. ಮೆಹರಿನಲ್ಲಿ ಒಂದು ಪಾಲನ್ನು ತಲಾಖಿನ ದಿನಕ್ಕೆಂದು ಅದೇ ಸಭೆಯಲ್ಲಿ ಬರೆಸುವಾಗ ಆ ಅಪಶಕುನ ಯಾರಿಗೂ ಕಾಣುವುದಿಲ್ಲ.

ಕರ್ನಾಟಕದಲ್ಲಿ ಮುಸ್ಲಿಮರಿಗೆ ಸರ್ಕಾರ ಗೊತ್ತುಪಡಿಸಿದ ನಿಕಾಹ್ ನಮೂನೆ ಇಲ್ಲ. ಜಮಾತ್ ಅಥವಾ ಖಾಜಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಏನಿದೆಯೋ ಅದೇ. ಭಟ್ಕಳದಿಂದ ಮಂಗಳೂರಿನವರೆಗೆ ಗಲ್ಫ್ ದುಡಿಮೆಯ ಮೇಲೆ ನಿಂತ ಮನೆಗಳಿವೆ, ಗಂಡ ದುಬೈಯಲ್ಲಿ, ಹೆಂಡತಿ ಅತ್ತೆಮನೆಯಲ್ಲಿ. ಇತ್ತ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಎಲ್ಲ ಜಾತಿ ಧರ್ಮದ ಹೆಂಗಸರು ಢಾಕಾದಲ್ಲಿ ಹೊಲಿಯುವ ಅದೇ ಬ್ರ್ಯಾಂಡುಗಳಿಗೆ ಹೊಲಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾದಾಗ ರಸ್ತೆಗಿಳಿದು ಕೇಂದ್ರ ಸರ್ಕಾರ ಅದನ್ನು ಹಿಂದೆ ಪಡೆಯುವಂತೆ ಮಾಡಿದವರು ಇವರೇ. ಯಾವ ಫಾರಂನಲ್ಲಿ ಯಾವ ಸಾಲು ತಮ್ಮ ಬದುಕು ಬದಲಿಸುತ್ತದೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಫ್ವೀಜ್ ಭಾರತದಲ್ಲೂ ಊರ್ಜಿತ. 1882ರ ಆ ತೀರ್ಪು ನಮ್ಮದೂ ಹೌದು. ನಮೂನೆಯಲ್ಲಿ ಜಾಗವಿಲ್ಲದಿದ್ದರೆ ಪ್ರತ್ಯೇಕ ಒಪ್ಪಂದಪತ್ರವಾಗಿ, ಮದುವೆಗೆ ಮೊದಲೋ ನಂತರವೋ, ಸಾಕ್ಷಿಗಳ ಸಹಿಯೊಂದಿಗೆ ಬರೆಸಬಹುದು. ಹೊಡೆತ ನಿಲ್ಲಿಸಲು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಇದೆ. 2019ರ ಕಾಯ್ದೆ ಗಂಡ ಒಂದೇ ಉಸಿರಿಗೆ ಕೊಡುವ ತಲಾಖನ್ನು ಅಪರಾಧ ಮಾಡಿತು. ಹೆಂಡತಿ ಹೊರಡಬೇಕೆಂದಾಗ ಹೇಗೆ ಹೊರಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಬಾಂಗ್ಲಾದೇಶದಲ್ಲಿ ಕಾನೂನು ನೆರವಿನವರು ಕೊಡುವ ಕೊನೆಯ ಸೂಚನೆ ತೀರಾ ಚಿಕ್ಕದು. ನೋಂದಣಿಯಾದ ಮೇಲೆ ಕಾಬಿನ್‌ನ ದೃಢೀಕೃತ ಪ್ರತಿಯನ್ನು ಎರಡೂ ಕಡೆಯವರಿಗೆ ಪುಕ್ಕಟೆಯಾಗಿ ಕೊಡಬೇಕೆಂದು ಕಾನೂನಿದೆ, ಅದನ್ನು ಅವತ್ತೇ ಕೇಳಿ ಪಡೆಯಬೇಕು. ಗಂಡ ಮೊದಲು ಹರಿಯುವುದು, ಸುಡುವುದು, ಬಚ್ಚಿಡುವುದು ಅದನ್ನೇ. ಹಾಗಾಗಿ ಖಾಜಿ ಕಚೇರಿಯ ವಿಳಾಸ, ರಿಜಿಸ್ಟರಿನ ಸಂಪುಟ ಸಂಖ್ಯೆ, ಪುಟ ಸಂಖ್ಯೆ, ಮದುವೆಯ ತಾರೀಕು, ಈ ನಾಲ್ಕನ್ನು ಬೇರೆ ಕಡೆ ಬರೆದಿಡಬೇಕು, ತಾಯಿಯ ಬಳಿಯೋ ಪಕ್ಕದ ಮೆಷಿನ್ನಿನ ಗೆಳತಿಯ ಬಳಿಯೋ. ಇವು ಗೊತ್ತಿದ್ದರೆ ಖಾಜಿ ಆ ಪುಟ ತೆಗೆದು ಇನ್ನೊಂದು ಪ್ರತಿ ಮಾಡಿಕೊಡುತ್ತಾರೆ, 18ನೇ ಕಲಂ ಸಮೇತ.